ಲಾ ಫರ್ಮ್ ವೆಬ್‌ಸೈಟ್ ಗೂಗಲ್‌ನಲ್ಲಿ ಕಾಣಿಸುತ್ತಿಲ್ಲವಾ? ದೋಷ ಎಲ್ಲಿದೆ ಅಂತ ಹುಡುಕುವುದು ಹೀಗೆ

"ನಮ್ಮ ಸೈಟ್ ಗೂಗಲ್‌ನಲ್ಲಿ ಬರುತ್ತಿಲ್ಲ" ಎಂಬ ಒಂದೇ ಮಾತಿನ ಹಿಂದೆ ಏನೇನೋ ಇರುತ್ತದೆ. ಸೈಟ್ ಗೂಗಲ್‌ನ ಇಂಡೆಕ್ಸ್‌ನಲ್ಲೇ (ಹುಡುಕಾಟಕ್ಕೆ ಅದು ಇಟ್ಟುಕೊಂಡ ಪುಟಗಳ ಪಟ್ಟಿಯಲ್ಲೇ) ಇಲ್ಲದಿರಬಹುದು. ಇಂಡೆಕ್ಸ್‌ನಲ್ಲಿ ಇದ್ದೂ ಐದನೇ ಪುಟದಲ್ಲಿ ಕೂತಿರಬಹುದು. ಹೋದ ವರ್ಷ ಚೆನ್ನಾಗಿದ್ದದ್ದು ಹೊಸ ಡಿಸೈನ್ ಬಂದ ವಾರವೇ ಬಿದ್ದಿರಬಹುದು. ಅಥವಾ ಎಲ್ಲ ಸರಿಯಾಗಿ ಕಾಣಿಸುತ್ತಿದ್ದರೂ ಜನ ಕ್ಲಿಕ್ ಮಾಡದೇ ಇರಬಹುದು. ಇವು ನಾಲ್ಕೂ ಬೇರೆ ಬೇರೆ ದೋಷ, ನಾಲ್ಕಕ್ಕೂ ಮದ್ದು ಬೇರೆ. ಆದರೆ ಸಾಮಾನ್ಯವಾಗಿ ಆಗುವುದೇನು ಅಂದರೆ, ದೋಷ ಯಾವುದು ಅಂತ ನೋಡುವ ಮೊದಲೇ ಸಾಲು ಸಾಲು ಬ್ಲಾಗ್ ಬರೆಸಿ, ಬ್ಯಾಕ್‌ಲಿಂಕ್ (ಬೇರೆ ಸೈಟ್‌ಗಳಿಂದ ಬರುವ ಲಿಂಕ್) ಪ್ಯಾಕೇಜ್ ಕೊಂಡು, ಆಮೇಲೆ ತಿಂಗಳುಗಟ್ಟಲೆ ಕಾಯುತ್ತಾರೆ. ಬಾಗಿಲಿಗೆ ಬೀಗ ಹಾಕಿಟ್ಟು ಒಳಗೆ ಸುಣ್ಣ ಬಳಿದ ಹಾಗೆ.

ಹಾಗಾಗಿ ಫರ್ಮ್‌ನ ಸೈಟ್ ಪರಿಶೀಲಿಸುವವರಿಗೆ ಕ್ರಮವೇ ಮುಖ್ಯ. ಗೂಗಲ್‌ಗೆ ಪುಟ ಸಿಗುತ್ತಿದೆಯಾ? ಸಿಕ್ಕ ಪುಟವನ್ನು ಇಂಡೆಕ್ಸ್‌ಗೆ ಸೇರಿಸಿದೆಯಾ? ಸೇರಿಸಿದ ಪುಟ ಯಾರ ಪ್ರಶ್ನೆಗಾದರೂ ಉತ್ತರ ಕೊಡುತ್ತಿದೆಯಾ? ಕೊಟ್ಟರೆ ಅದನ್ನು ನಂಬಲು ಕಾರಣ ಇದೆಯಾ? ಮೊದಲಿನದು ಸರಿಯಾಗದೆ ಮುಂದಿನದಕ್ಕೆ ಕೈ ಹಾಕಬೇಡಿ.

ಮೊದಲು ಯಾವ ಥರದ ದೋಷ ಅಂತ ತಿಳಿದುಕೊಳ್ಳಿ

ಸರ್ಚ್ ಕನ್ಸೋಲ್ (ಹುಡುಕಾಟದಲ್ಲಿ ಸೈಟ್ ಹೇಗಿದೆ ಅಂತ ಅದರ ಮಾಲೀಕರಿಗೆ ಗೂಗಲ್ ತೋರಿಸುವ ಸಾಧನ) ತೆರೆದು ಪರ್ಫಾರ್ಮೆನ್ಸ್ ವರದಿಯಲ್ಲಿ 16 ತಿಂಗಳ ಅವಧಿ ಆರಿಸಿ. ಅಲ್ಲಿ ಸಿಗುವ ಗರಿಷ್ಠ ಅವಧಿ ಅದೇ. ಗ್ರಾಫ್ ಒಂದೇ ದಿನ ಕಡಿದು ಬಿದ್ದಂತಿದ್ದರೆ ಹೆಚ್ಚು ಕಡಿಮೆ ತಾಂತ್ರಿಕ ಕಾರಣ. ಯಾರೋ ಏನೋ ಬದಲಾಯಿಸಿದ್ದಾರೆ. ಒಂದೆರಡು ವಾರದಲ್ಲಿ ಜಾರಿದ್ದರೆ ಗೂಗಲ್‌ನ ಸರ್ಚ್ ಸ್ಟೇಟಸ್ ಡ್ಯಾಶ್‌ಬೋರ್ಡ್‌ನಲ್ಲಿ ಕೋರ್ ಅಪ್‌ಡೇಟ್‌ಗಳ (ಫಲಿತಾಂಶ ಜೋಡಿಸುವ ವಿಧಾನಕ್ಕೆ ಗೂಗಲ್ ಮಾಡುವ ದೊಡ್ಡ ಬದಲಾವಣೆಗಳ) ತಾರೀಕು ಇರುತ್ತದೆ, ಅದರ ಜೊತೆ ಹೋಲಿಸಿ. ತಿಂಗಳುಗಟ್ಟಲೆ ನಿಧಾನವಾಗಿ ಇಳಿದಿದ್ದರೆ ವಿಷಯ ಹಳೆಯದಾಗಿದೆ, ಇಲ್ಲವೇ ಬೇರೆಯವರು ಚೆನ್ನಾಗಿ ಬರೆದಿದ್ದಾರೆ. ಗ್ರಾಫ್ ಮೊದಲಿನಿಂದಲೂ ನೆಲಕ್ಕೆ ಅಂಟಿಕೊಂಡಿದ್ದರೆ ಅದು ಬೇರೆಯೇ ಕಥೆ. ಅದಕ್ಕೆ ಮುಂದೆ "ಬಾಗಿಲು ಮುಚ್ಚಿದೆಯಾ" ಎನ್ನುವ ಭಾಗದಿಂದ ಶುರು ಮಾಡೋಣ.

ಲಾ ಫರ್ಮ್‌ಗಳ ಮಟ್ಟಿಗೆ ಒಟ್ಟು ಕ್ಲಿಕ್ ಸಂಖ್ಯೆ ಸುಲಭವಾಗಿ ದಾರಿ ತಪ್ಪಿಸುತ್ತದೆ. ಅದರಲ್ಲಿ ದೊಡ್ಡ ಪಾಲು ಫರ್ಮ್‌ನ ಹೆಸರು ಅಥವಾ ವಕೀಲರ ಹೆಸರು ಹಾಕಿ ಹುಡುಕಿದವರದ್ದಾಗಿರಬಹುದು. ಈಗಾಗಲೇ ಕಕ್ಷಿದಾರರಾಗಿರುವವರು ಫೋನ್ ನಂಬರ್ ಹುಡುಕುತ್ತಾರೆ, ಎದುರು ಪಕ್ಷದವರು ಯಾರು ಈ ವಕೀಲರು ಅಂತ ನೋಡುತ್ತಾರೆ. ಹೊಸ ಕೇಸು ತರುವವರು ಇವರಲ್ಲ. ಕ್ವೆರಿ (ಜನ ಹುಡುಕಿದ ಪದಗಳು) ಫಿಲ್ಟರ್‌ನಲ್ಲಿ ರೆಗೆಕ್ಸ್ (ಹಲವು ಪದಗಳನ್ನು ಒಟ್ಟಿಗೆ ಹಿಡಿಯುವ ಮಾದರಿ) ಆಯ್ಕೆ ಇದೆ. ಫರ್ಮ್‌ನ ಹೆಸರು, ಪಾಲುದಾರರ ಹೆಸರು, ಅವುಗಳ ತಪ್ಪು ಸ್ಪೆಲಿಂಗ್‌ಗಳನ್ನೆಲ್ಲ ಅದರಲ್ಲಿ ಹಾಕಿ, ಅವು ಇಲ್ಲದ ಕ್ವೆರಿಗಳನ್ನು ಮಾತ್ರ ನೋಡಿ. ಎಷ್ಟೋ ಸಲ ಒಟ್ಟು ಗೆರೆ ನೆಟ್ಟಗಿರುತ್ತದೆ, ಹೆಸರು ತೆಗೆದ ಗೆರೆ ಮಾತ್ರ ಕುಸಿದಿರುತ್ತದೆ. ಪರಿಶೀಲನೆಯಲ್ಲಿ ನಿಮಗೆ ಬೇಕಾದದ್ದು ಆ ಎರಡನೇ ಗೆರೆ.

ಇನ್ನೊಂದು ವಿಷಯ. ಕ್ವೆರಿಗಳ ಪಟ್ಟಿ ಕೂಡಿಸಿದರೆ ಒಟ್ಟು ಸಂಖ್ಯೆಗೆ ತಾಳೆಯಾಗುವುದಿಲ್ಲ. ಬಹಳ ಕಡಿಮೆ ಜನ ಹುಡುಕಿದ ಕ್ವೆರಿಗಳನ್ನು ಖಾಸಗಿತನದ ಕಾರಣಕ್ಕೆ ಗೂಗಲ್ ತೋರಿಸುವುದೇ ಇಲ್ಲ. ಕಾನೂನು ತೊಂದರೆಯಲ್ಲಿ ಇರುವವರು ತಮ್ಮ ಇಡೀ ಕಷ್ಟವನ್ನೇ ಟೈಪ್ ಮಾಡುತ್ತಾರೆ ಅಲ್ವಾ, ಅಂಥ ಉದ್ದದ ಕ್ವೆರಿಗಳು ಹೀಗೆ ಮರೆಯಾಗುತ್ತವೆ. ಫಿಲ್ಟರ್ ಹಾಕಿದಾಗ ಸಂಖ್ಯೆ ದಿಢೀರನೆ ಕಡಿಮೆ ಕಂಡರೆ ಗಾಬರಿ ಬೇಡ. ಎರಡು ಅವಧಿಗಳನ್ನು ಒಂದೇ ಫಿಲ್ಟರ್‌ನಲ್ಲಿ ಹೋಲಿಸಿದರೆ ಸಾಕು.

"ಟ್ರಾಫಿಕ್ ಬಿತ್ತು" ಎಂದವರು ಎಲ್ಲಿ ನೋಡಿದರು ಅಂತಲೂ ಕೇಳಿ. ಅನಲಿಟಿಕ್ಸ್‌ನಲ್ಲಿ (ಸೈಟ್‌ಗೆ ಬಂದವರನ್ನು ಎಣಿಸುವ ಸಾಧನದಲ್ಲಿ) ಮಾತ್ರ ಬಿದ್ದಿದ್ದು ಸರ್ಚ್ ಕನ್ಸೋಲ್ ಕ್ಲಿಕ್ ಹಾಗೆಯೇ ಇದ್ದರೆ, ಹುಡುಕಾಟದಲ್ಲಿ ತೊಂದರೆಯೇ ಇಲ್ಲ. ಹೊಸ ಥೀಮ್‌ನಲ್ಲಿ ಟ್ರ್ಯಾಕಿಂಗ್ ಕೋಡ್ ಬಿಟ್ಟುಹೋಗಿದೆ, ಇಲ್ಲವೇ ಕುಕೀ ಒಪ್ಪಿಗೆಯ ಬ್ಯಾನರ್ ಬಂದ ಮೇಲೆ "ಬೇಡ" ಎಂದವರ ಲೆಕ್ಕ ಸಿಗುತ್ತಿಲ್ಲ. ಇಲ್ಲಿಗೇ ಕೆಲಸ ಮುಗಿಯಿತು.

ನಿಮ್ಮ ಫೋನ್‌ನಲ್ಲಿ ಹುಡುಕಿ ನೋಡಿ ತೀರ್ಮಾನಕ್ಕೆ ಬರಬೇಡಿ. ವಕೀಲರನ್ನು ಹುಡುಕಿದಾಗ ನೀವು ಎಲ್ಲಿ ಕೂತಿದ್ದೀರಿ ಎನ್ನುವುದರ ಮೇಲೆ ಫಲಿತಾಂಶ ಬದಲಾಗುತ್ತದೆ. ಇನ್‌ಕಾಗ್ನಿಟೊ ಹಾಕಿದರೂ ನೀವಿರುವ ಜಾಗ ಅಡಗುವುದಿಲ್ಲ. ಆಫೀಸಿನ ಒಳಗೆ ಕೂತು ಹುಡುಕಿದವರಿಗೆ ತಮ್ಮ ಫರ್ಮ್ ಮೇಲೆ ಕಂಡರೆ ಅದರಲ್ಲಿ ಆಶ್ಚರ್ಯ ಇಲ್ಲ.

ಬಾಗಿಲು ಮುಚ್ಚಿದೆಯಾ?

ಬೇರೆ ಏನನ್ನೂ ಮುಟ್ಟುವ ಮೊದಲು ಸರ್ಚ್ ಕನ್ಸೋಲ್‌ನಲ್ಲಿ ಮ್ಯಾನ್ಯುಯಲ್ ಆಕ್ಷನ್ಸ್ (ನಿಯಮ ಮುರಿದಿದ್ದಕ್ಕೆ ಗೂಗಲ್‌ನವರೇ ನೋಡಿ ಹಾಕಿದ ದಂಡ) ಮತ್ತು ಸೆಕ್ಯುರಿಟಿ ಇಶ್ಯೂಸ್ ಎರಡನ್ನೂ ನೋಡಿ. ಅರ್ಧ ನಿಮಿಷದ ಕೆಲಸ. ಅಲ್ಲಿ ಏನಾದರೂ ಇದ್ದರೆ ಉಳಿದದ್ದೆಲ್ಲ ಆಮೇಲೆ. ಜೊತೆಗೆ ಗೂಗಲ್‌ನಲ್ಲಿ ಸೈಟ್ ಆಪರೇಟರ್ (site: ಎಂದು ಬರೆದು ಅದಕ್ಕೆ ಅಂಟಿಸಿ ಡೊಮೇನ್) ಹಾಕಿ ಹುಡುಕಿ. ಅದು ಕೊಡುವ ಸಂಖ್ಯೆ ನಂಬುವಂಥದ್ದಲ್ಲ, ಇಂಡೆಕ್ಸ್ ಆದ ಪುಟಗಳ ಪೂರ್ತಿ ಪಟ್ಟಿಯೂ ಅಲ್ಲ. ಆದರೆ ನಿಮಗೆ ಗೊತ್ತಿಲ್ಲದ ಔಷಧಿ ಮಾರಾಟದ, ಜೂಜಿನ ಪುಟಗಳು ಅಲ್ಲಿ ಕಂಡರೆ ಸೈಟ್ ಹ್ಯಾಕ್ ಆಗಿದೆ. ಇಂಥ ಹ್ಯಾಕ್‌ಗಳು ಎಷ್ಟೋ ಸಲ ಆ ಪುಟಗಳನ್ನು ಗೂಗಲ್‌ನ ಬಾಟ್‌ಗೆ (ಪುಟಗಳನ್ನು ತೆರೆದು ಓದುವ ಪ್ರೋಗ್ರಾಂಗೆ) ಮಾತ್ರ ತೋರಿಸುತ್ತವೆ. ನೀವು ಬ್ರೌಸರ್‌ನಲ್ಲಿ ತೆರೆದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ವರ್ಷಗಟ್ಟಲೆ ಅಪ್‌ಡೇಟ್ ಆಗದ ಪ್ಲಗಿನ್ ಇಟ್ಟುಕೊಂಡ ಸಣ್ಣ ಫರ್ಮ್‌ಗಳ ಸೈಟ್‌ನಲ್ಲಿ ಇದನ್ನು ನೋಡದೆ ಮುಂದೆ ಹೋಗಲೇಬಾರದು.

ಆಮೇಲೆ ರೋಬಾಟ್ಸ್ ಡಾಟ್ ಟಿಎಕ್ಸ್‌ಟಿ (robots.txt), ಬಾಟ್‌ಗಳು ಎಲ್ಲಿಗೆ ಬರಬಾರದು ಅಂತ ಹೇಳುವ ಫೈಲ್. ಡೊಮೇನ್ ಹೆಸರಿನ ಕೊನೆಗೆ ಓರೆಗೆರೆ ಹಾಕಿ, ಆಮೇಲೆ ಅದನ್ನು ಸೇರಿಸಿ ತೆರೆಯಿರಿ. ಯೂಸರ್ ಏಜೆಂಟ್ ಸಾಲಿನಲ್ಲಿ ನಕ್ಷತ್ರ ಚಿಹ್ನೆ, ಕೆಳಗಿನ ಡಿಸ್‌ಅಲೋ ಸಾಲಿನಲ್ಲಿ ಬರೀ ಒಂದು ಓರೆಗೆರೆ ಇದ್ದರೆ ಇಡೀ ಸೈಟ್‌ಗೆ ಬೀಗ. ಸೈಟ್ ಕಟ್ಟುವಾಗ ಡೆವಲಪರ್ ಹಾಕಿದ್ದು, ಲೈವ್ ಆದಾಗ ತೆಗೆಯದೆ ಉಳಿದಿದ್ದು. ತಿದ್ದಿದ ಮೇಲೆ ತಕ್ಷಣ ಫಲ ಕಾಣುವುದಿಲ್ಲ, ಈ ಫೈಲ್‌ನ ಹಳೇ ಪ್ರತಿಯನ್ನು ಗೂಗಲ್ ಸಾಮಾನ್ಯವಾಗಿ 24 ಗಂಟೆವರೆಗೆ ಇಟ್ಟುಕೊಂಡಿರುತ್ತದೆ. ಇನ್ನು ಆ ಫೈಲ್ ಇಲ್ಲವೇ ಇಲ್ಲ, 404 ಬರುತ್ತದೆ ಅಂದರೆ ತೊಂದರೆ ಇಲ್ಲ, ತಡೆಯೇ ಇಲ್ಲ ಅಂತ ಗೂಗಲ್ ತಿಳಿಯುತ್ತದೆ. ಆದರೆ ಆ ವಿಳಾಸದಲ್ಲಿ 500ರ ಸಾಲಿನ ಸರ್ವರ್ ಎರರ್ ಬರುತ್ತಿದ್ದರೆ ಅದು ಅಪಾಯ. ಕ್ರಾಲ್ ಮಾಡುವುದನ್ನೇ (ಬಾಟ್ ಕಳಿಸಿ ಪುಟ ಓದಿಸುವುದನ್ನೇ) ಗೂಗಲ್ ಮೊದಲಿಗೆ ನಿಲ್ಲಿಸಿಬಿಡುತ್ತದೆ.

ನೋಇಂಡೆಕ್ಸ್ ಟ್ಯಾಗ್, ಅಂದರೆ "ಈ ಪುಟವನ್ನು ಇಂಡೆಕ್ಸ್‌ಗೆ ಸೇರಿಸಬೇಡಿ" ಎಂಬ ಆದೇಶ, ಇನ್ನೊಂದು ಬೀಗ. ವರ್ಡ್‌ಪ್ರೆಸ್‌ನ ರೀಡಿಂಗ್ ಸೆಟ್ಟಿಂಗ್ಸ್‌ನಲ್ಲಿ ಸರ್ಚ್ ಎಂಜಿನ್‌ಗಳಿಗೆ ಬೇಡ ಎನ್ನುವ ಒಂದು ಚೆಕ್‌ಬಾಕ್ಸ್ ಇದೆ. ಅದಕ್ಕೆ ಟಿಕ್ ಬಿದ್ದಿದೆಯಾ ನೋಡಿ. ಪುಟದ ಸೋರ್ಸ್‌ನಲ್ಲಿ ಹುಡುಕಿ ಸಿಗಲಿಲ್ಲ ಅಂತ ಬಿಟ್ಟುಬಿಡಬೇಡಿ, ಅದೇ ಆದೇಶವನ್ನು ಸರ್ವರ್ ಹೆಡರ್‌ನಲ್ಲೂ ಕಳಿಸಬಹುದು, ಸೋರ್ಸ್‌ನಲ್ಲಿ ಅದು ಕಾಣುವುದಿಲ್ಲ. ಸರ್ಚ್ ಕನ್ಸೋಲ್‌ನ ಯುಆರ್‌ಎಲ್ ಇನ್‌ಸ್ಪೆಕ್ಷನ್ (ಒಂದೊಂದೇ ಪುಟವನ್ನು ಪರೀಕ್ಷಿಸುವ ಸೌಲಭ್ಯ) ಎರಡನ್ನೂ ಹಿಡಿಯುತ್ತದೆ.

ಇಲ್ಲಿ ಜನ ಪದೇ ಪದೇ ಎಡವುವ ಒಂದು ಜಾಗ ಇದೆ. ಒಂದು ಪುಟವನ್ನು ಗೂಗಲ್‌ನಿಂದ ತೆಗೆಸಬೇಕು ಅಂತ ನೋಇಂಡೆಕ್ಸ್ ಹಾಕುತ್ತಾರೆ, ಇನ್ನೂ ಗಟ್ಟಿಯಾಗಲಿ ಅಂತ ರೋಬಾಟ್ಸ್ ಫೈಲ್‌ನಲ್ಲೂ ತಡೆಯುತ್ತಾರೆ. ತಡೆದ ಮೇಲೆ ಗೂಗಲ್ ಆ ಪುಟ ತೆರೆಯುವುದೇ ಇಲ್ಲ. ತೆರೆಯದಿದ್ದರೆ ನೋಇಂಡೆಕ್ಸ್ ಅದರ ಕಣ್ಣಿಗೆ ಬೀಳುವುದಿಲ್ಲ. ಕೊನೆಗೆ ಆ ವಿಳಾಸ ವಿವರಣೆ ಇಲ್ಲದೆ ಫಲಿತಾಂಶದಲ್ಲಿ ಉಳಿದುಬಿಡಬಹುದು. ತೆಗೆಸಬೇಕಾದರೆ ತಡೆ ತೆಗೆಯಿರಿ, ನೋಇಂಡೆಕ್ಸ್ ಮಾತ್ರ ಇಡಿ. ಕಕ್ಷಿದಾರರ ದಾಖಲೆ ಇರುವ ಪಿಡಿಎಫ್ ಏನಾದರೂ ಹೊರಗೆ ಬಿದ್ದಿದ್ದರೆ ಇದ್ಯಾವುದನ್ನೂ ನಂಬಿ ಕೂರಬೇಡಿ, ಫೈಲನ್ನೇ ಸರ್ವರ್‌ನಿಂದ ತೆಗೆದು, ರಿಮೂವಲ್ಸ್ ಟೂಲ್‌ನಲ್ಲೂ ಅರ್ಜಿ ಹಾಕಿ.

ಫೈರ್‌ವಾಲ್ ಬಗ್ಗೆ ಯಾರೂ ಯೋಚಿಸುವುದಿಲ್ಲ. "ನಮ್ಮ ಕಕ್ಷಿದಾರರೆಲ್ಲ ಇದೇ ದೇಶದವರು, ಹೊರದೇಶದ ಟ್ರಾಫಿಕ್ ಯಾಕೆ" ಅಂತ ಬೇರೆ ದೇಶಗಳ ಐಪಿಗಳನ್ನೆಲ್ಲ ತಡೆದುಬಿಡುತ್ತಾರೆ. ಗೂಗಲ್‌ಬಾಟ್ ಬರುವುದು ಹೆಚ್ಚಾಗಿ ಅಮೆರಿಕದ ಐಪಿಗಳಿಂದ. ನೀವು ಬೇರೆ ದೇಶದಲ್ಲಿದ್ದರೆ ಅದನ್ನೂ ಸೇರಿಸಿಯೇ ತಡೆದಂತಾಯಿತು. "ನೀವು ಮನುಷ್ಯರೇ" ಎಂದು ಕೇಳುವ ಪರದೆಗಳೂ ಇದೇ ಕೆಲಸ ಮಾಡಬಲ್ಲವು. ಸರ್ಚ್ ಕನ್ಸೋಲ್‌ನ ಸೆಟ್ಟಿಂಗ್ಸ್‌ನಲ್ಲಿ ಕ್ರಾಲ್ ಸ್ಟ್ಯಾಟ್ಸ್ ಇದೆ, ಕಳೆದ 90 ದಿನಗಳಲ್ಲಿ ಬಾಟ್‌ಗೆ ಎಂಥ ಉತ್ತರ ಸಿಕ್ಕಿದೆ ಅಂತ ಅದು ತೋರಿಸುತ್ತದೆ. 403 ("ಪ್ರವೇಶ ಇಲ್ಲ" ಎಂಬ ಉತ್ತರ) ಜಾಸ್ತಿ ಇದ್ದರೆ ಹೋಸ್ಟಿಂಗ್‌ನವರ ಜೊತೆ ಮಾತಾಡಿ. "ನನ್ನ ಬ್ರೌಸರ್‌ನಲ್ಲಿ ತೆರೆಯುತ್ತದಲ್ಲ" ಎನ್ನುವ ಉತ್ತರವನ್ನು ಒಪ್ಪಬೇಡಿ. ಇನ್‌ಸ್ಪೆಕ್ಷನ್‌ನ ಲೈವ್ ಟೆಸ್ಟ್ ಓಡಿಸಿ, ಗೂಗಲ್‌ಗೆ ಏನು ಕಂಡಿತು ಅನ್ನುವ ಸ್ಕ್ರೀನ್‌ಶಾಟ್ ತೋರಿಸಿ.

ಅದೇ ಸ್ಕ್ರೀನ್‌ಶಾಟ್‌ನಲ್ಲಿ ಪುಟದ ಮುಖ್ಯ ಬರಹ ಇದೆಯಾ ಅಂತಲೂ ನೋಡಿ. ಇಂಡೆಕ್ಸ್‌ಗೆ ಆಧಾರ ಮೊಬೈಲ್ ಆವೃತ್ತಿಯೇ. ಮೊಬೈಲ್‌ನಲ್ಲಿ ಚಿಕ್ಕದಾಗಿರಲಿ ಅಂತ ಅರ್ಧ ಬರಹ ತೆಗೆದಿದ್ದರೆ ಗೂಗಲ್‌ಗೂ ಅರ್ಧವೇ ಸಿಕ್ಕಿದೆ. ಮಡಚಿಟ್ಟ ಪ್ರಶ್ನೋತ್ತರ ಪರವಾಗಿಲ್ಲ, ಬರಹ ಪುಟದೊಳಗೇ ಇದ್ದರೆ ಸಾಕು. ಆದರೆ "ಇನ್ನಷ್ಟು ಓದಿ" ಒತ್ತಿದ ಮೇಲೆ ಮಾತ್ರ ಸರ್ವರ್‌ನಿಂದ ಬರುವಂತಿದ್ದರೆ ಅದು ಸಿಗುವುದಿಲ್ಲ. ಗೂಗಲ್‌ಬಾಟ್ ಬಟನ್ ಒತ್ತುವುದಿಲ್ಲ.

ಒಂದು ಕ್ಯಾನೊನಿಕಲ್ ದೋಷವನ್ನು ಹತ್ತಿರದಿಂದ ನೋಡೋಣ

ಒಂದೇ ಥರದ ಪುಟಗಳಲ್ಲಿ ಮೂಲ ಯಾವುದು ಅಂತ ಗೂಗಲ್‌ಗೆ ಹೇಳುವ ಟ್ಯಾಗ್ ಕ್ಯಾನೊನಿಕಲ್. ಅದರ ದೋಷ ಕಣ್ಣಿಗೆ ಬೀಳುವುದು ಕಷ್ಟ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಒಂದು ಫರ್ಮ್‌ನ ಸೈಟ್‌ನಲ್ಲಿ ವಿಚ್ಛೇದನ, ಮಕ್ಕಳ ಪಾಲನೆ, ಆಸ್ತಿ ಪಾಲು, ಚೆಕ್ ಬೌನ್ಸ್ ಹೀಗೆ ಕೇಸಿನ ಬಗೆಗೊಂದು ಪುಟ ಇದೆ ಅಂದುಕೊಳ್ಳಿ. ರೋಬಾಟ್ಸ್ ಸರಿ ಇದೆ, ನೋಇಂಡೆಕ್ಸ್ ಇಲ್ಲ, ಬರಹವೂ ಚೆನ್ನಾಗಿದೆ. ಆದರೂ ಆಸ್ತಿ ಪಾಲಿನ ಪುಟ ಗೂಗಲ್‌ನಲ್ಲಿ ಸಿಗುತ್ತದೆ, ವಿಚ್ಛೇದನದ್ದು ಇಲ್ಲ, ಚೆಕ್ ಬೌನ್ಸ್ ಒಮ್ಮೆ ಇದ್ದು ಒಮ್ಮೆ ಮಾಯ. ಹೊರಗಿನಿಂದ ನೋಡಿದವರು "ವಿಚ್ಛೇದನಕ್ಕೆ ಪೈಪೋಟಿ ಜಾಸ್ತಿ" ಅಂದುಬಿಡುತ್ತಾರೆ.

ವಿಚ್ಛೇದನದ ಪುಟವನ್ನು ಯುಆರ್‌ಎಲ್ ಇನ್‌ಸ್ಪೆಕ್ಷನ್‌ಗೆ ಕೊಡಿ. ಪೇಜ್ ಇಂಡೆಕ್ಸಿಂಗ್ ಬಿಚ್ಚಿದರೆ ಕೆಳಗೆ ಎರಡು ಸಾಲು ಇರುತ್ತವೆ: ನೀವು ಘೋಷಿಸಿದ ಕ್ಯಾನೊನಿಕಲ್ ಯಾವುದು, ಗೂಗಲ್ ಆರಿಸಿದ ಕ್ಯಾನೊನಿಕಲ್ ಯಾವುದು. ಮೊದಲ ಸಾಲಿನಲ್ಲಿ ಆ ಪುಟದ ವಿಳಾಸವೇ ಇರಬೇಕು. ಅಲ್ಲಿ ಹೋಮ್‌ಪೇಜ್‌ನ ವಿಳಾಸ ಇದ್ದರೆ ಕಳ್ಳ ಸಿಕ್ಕ. ಥೀಮ್‌ನ ಟೆಂಪ್ಲೇಟ್‌ನಲ್ಲಿ ಯಾರೋ ಹೋಮ್‌ಪೇಜ್ ವಿಳಾಸವನ್ನು ನೇರವಾಗಿ ಬರೆದುಬಿಟ್ಟಿದ್ದಾರೆ, ಹಾಗಾಗಿ ಪ್ರತಿ ಪುಟವೂ "ನಾನು ಹೋಮ್‌ಪೇಜ್‌ನ ನಕಲು" ಅಂತ ಗೂಗಲ್‌ಗೆ ಹೇಳಿಕೊಳ್ಳುತ್ತಿದೆ. ಹಾಗಾದರೆ ಎಲ್ಲ ಪುಟವೂ ಮಾಯವಾಗಬೇಕಿತ್ತಲ್ಲ, ಕೆಲವು ಯಾಕೆ ಉಳಿದವು? ಯಾಕೆಂದರೆ ಗೂಗಲ್‌ಗೆ ಕ್ಯಾನೊನಿಕಲ್ ಟ್ಯಾಗ್ ಆಜ್ಞೆಯಲ್ಲ, ಸುಳಿವು ಅಷ್ಟೇ. ಒಳಗಿನ ಲಿಂಕ್, ಸೈಟ್‌ಮ್ಯಾಪ್ (ಗೂಗಲ್‌ಗೆ ಕೊಡುವ ಪುಟಗಳ ಪಟ್ಟಿ), ಬರಹದ ವ್ಯತ್ಯಾಸ ಇವನ್ನೆಲ್ಲ ನೋಡಿ ಕೆಲವು ಕಡೆ ಅದು ನಿಮ್ಮ ಮಾತನ್ನು ಪಕ್ಕಕ್ಕಿಡುತ್ತದೆ, ಕೆಲವು ಕಡೆ ನಂಬುತ್ತದೆ. ಅದಕ್ಕೇ ಈ ದೋಷ ಒಂದೊಂದು ಪುಟದಲ್ಲಿ ಒಂದೊಂದು ಥರ ಕಾಣುವುದು, ಪತ್ತೆಯಾಗದೆ ಉಳಿಯುವುದು.

ಮೊದಲ ಸಾಲು ಸರಿ ಇದ್ದು ಎರಡನೆಯದು ಬೇರೆ ಇದ್ದರೆ ರೋಗ ಬೇರೆ. ಆಗ ಎರಡು ಪುಟಗಳು ಒಂದೇ ಅಂತ ಗೂಗಲ್‌ಗೆ ಅನಿಸಿದೆ. ಟ್ಯಾಗ್ ತಿದ್ದಿ ಪ್ರಯೋಜನ ಇಲ್ಲ, ಬರಹವನ್ನೇ ನೋಡಬೇಕು. ಇನ್ನು ಕ್ಯಾನೊನಿಕಲ್‌ನಲ್ಲಿ ಡೆವಲಪರ್‌ನ ಪರೀಕ್ಷಾ ಡೊಮೇನ್ ಉಳಿದಿರುವುದು ಇದರದ್ದೇ ತಮ್ಮ. ಸೈಟ್‌ಮ್ಯಾಪ್‌ನಲ್ಲೂ ಅದೇ ಹಳೇ ವಿಳಾಸ ಉಳಿದಿದೆಯಾ ಅಂತ ಆಗಲೇ ನೋಡಿಬಿಡಿ.

ಹೊಸ ಡಿಸೈನ್, ಹೊಸ ಹೆಸರು, ಬಿಟ್ಟುಹೋದ ವಕೀಲರು

ಒಂದೇ ದಿನ ಬಿದ್ದ ಗ್ರಾಫ್ ಇದ್ದರೆ ಮೊದಲ ಪ್ರಶ್ನೆ: ಆ ವಾರ ಸೈಟ್ ಬದಲಾಯಿತಾ? ಫರ್ಮ್‌ಗಳು ಒಂದಾಗುತ್ತವೆ, ಒಡೆಯುತ್ತವೆ, ಪಾಲುದಾರರ ಹೆಸರು ಸೇರುತ್ತದೆ, ಡೊಮೇನ್ ಬದಲಾಗುತ್ತದೆ. ಹಳೇ ವಿಳಾಸಗಳಿಗೆ ರೀಡೈರೆಕ್ಟ್ (ಹೊಸ ವಿಳಾಸಕ್ಕೆ ತಾನಾಗಿ ತಿರುಗಿಸುವ ವ್ಯವಸ್ಥೆ) ಹಾಕದಿದ್ದರೆ ಅಷ್ಟು ವರ್ಷ ಬೇರೆಯವರು ಕೊಟ್ಟ ಲಿಂಕ್‌ಗಳೆಲ್ಲ 404ಕ್ಕೆ ಹೋಗಿ ನಿಲ್ಲುತ್ತವೆ.

ಹಳೇ ವಿಳಾಸಗಳ ಪಟ್ಟಿ ಯಾರೂ ಇಟ್ಟಿರುವುದಿಲ್ಲ. ನೀವೇ ಕಟ್ಟಬೇಕು. ಸರ್ಚ್ ಕನ್ಸೋಲ್‌ನ ಪುಟಗಳ ಪಟ್ಟಿ (ಅಲ್ಲಿ 1000 ಸಾಲು ಮಾತ್ರ ಸಿಗುತ್ತದೆ), ಲಿಂಕ್ಸ್ ವರದಿ, ಸರ್ವರ್ ಲಾಗ್, ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್, ಇವೆಲ್ಲ ಸೇರಿಸಿದರೆ ಮುಖ್ಯವಾದವು ಸಿಕ್ಕೇ ಸಿಗುತ್ತವೆ. ಒಂದೊಂದನ್ನೂ ಅದಕ್ಕೆ ಹತ್ತಿರದ ಹೊಸ ಪುಟಕ್ಕೆ 301 (ಶಾಶ್ವತ ರೀಡೈರೆಕ್ಟ್) ಮಾಡಿ. ಎಲ್ಲವನ್ನೂ ಹೋಮ್‌ಪೇಜ್‌ಗೆ ತಿರುಗಿಸುವುದು ಸುಲಭ, ಆದರೆ ಅದನ್ನು ಗೂಗಲ್ ಸಾಫ್ಟ್ 404 (ಇಲ್ಲದ ಪುಟಕ್ಕೆ ಸಮ) ಅಂತ ತಳ್ಳಿಹಾಕುವ ಸಾಧ್ಯತೆಯೇ ಜಾಸ್ತಿ. ಜಾಮೀನಿನ ಬಗ್ಗೆ ಓದಲು ಬಂದವರನ್ನು ಹೋಮ್‌ಪೇಜ್‌ನಲ್ಲಿ ತಂದು ನಿಲ್ಲಿಸಿದರೆ ಅವರಿಗೂ ಏನೂ ಸಿಗುವುದಿಲ್ಲ. ಎರಡು ಮೂರು ಸಲ ಡಿಸೈನ್ ಬದಲಾದ ಸೈಟ್‌ನಲ್ಲಿ ಒಂದರಿಂದ ಒಂದಕ್ಕೆ ಸರಪಳಿ ಬೆಳೆದಿರುತ್ತದೆ. ಗೂಗಲ್‌ಬಾಟ್ 10 ಜಿಗಿತದವರೆಗೆ ಹೋಗುತ್ತದೆ, ಆದರೂ ಮೊದಲಿನದರಿಂದ ಕೊನೆಯದಕ್ಕೆ ನೇರ ಹಾಕಿಬಿಡಿ. ಡೊಮೇನ್ ಬದಲಾಗಿದ್ದರೆ ಚೇಂಜ್ ಆಫ್ ಅಡ್ರೆಸ್ ಟೂಲ್ ಬಳಸಿ. ರೀಡೈರೆಕ್ಟ್‌ಗಳನ್ನು ಕನಿಷ್ಠ ಒಂದು ವರ್ಷ ಇಡಿ ಅಂತ ಗೂಗಲ್ ಹೇಳುತ್ತದೆ. ಹಳೇ ಡೊಮೇನ್ ಅನ್ನು ಅದಕ್ಕಿಂತಲೂ ಜಾಸ್ತಿ ಕಾಲ, ಸಾಧ್ಯವಾದರೆ ಯಾವತ್ತೂ ಬಿಡಬೇಡಿ ಅಂತ ನಾನು ಹೇಳುತ್ತೇನೆ. ಬಿಟ್ಟ ಡೊಮೇನ್ ಅನ್ನು ಬೇರೆಯವರು ಕೊಂಡರೆ ಅದರ ಇಮೇಲ್ ವಿಳಾಸಗಳೂ ಅವರ ಕೈಗೆ ಹೋಗುತ್ತವೆ. ಕಕ್ಷಿದಾರರ ಪತ್ರ ಬರುವ ವಿಳಾಸಗಳವು.

ಫರ್ಮ್ ಬಿಟ್ಟುಹೋದ ವಕೀಲರ ಪುಟವನ್ನು ಸುಮ್ನೆ ಅಳಿಸುತ್ತಾರೆ. ಪತ್ರಿಕೆಗಳು, ಕಾಲೇಜುಗಳು, ವಿಚಾರ ಸಂಕಿರಣದವರು ಲಿಂಕ್ ಕೊಟ್ಟಿರುವುದು ಬಹುತೇಕ ಇಂಥ ಪುಟಗಳಿಗೇ. ಆ ಪುಟವನ್ನು ಆ ವಕೀಲರು ನೋಡುತ್ತಿದ್ದ ಬಗೆಯ ಕೇಸಿನ ಪುಟಕ್ಕೋ ವಕೀಲರ ಪಟ್ಟಿಗೋ ತಿರುಗಿಸಿ. ಇನ್ನೊಬ್ಬ ವಕೀಲರ ಪುಟಕ್ಕೆ ತಿರುಗಿಸಬೇಡಿ. ಒಬ್ಬರನ್ನು ಹುಡುಕಿ ಬಂದವರ ಮುಂದೆ ಇನ್ನೊಬ್ಬರನ್ನು ತಂದಿಟ್ಟರೆ ಅದು ದಾರಿ ತಪ್ಪಿಸಿದಂತೆ.

ಊರಿನ ಹೆಸರು ಬದಲಾಯಿಸಿ ಮಾಡಿದ ಪುಟಗಳು

ಇಂಡೆಕ್ಸಿಂಗ್ ವರದಿಯಲ್ಲಿ "ಕ್ರಾಲ್ ಆಗಿದೆ, ಸದ್ಯ ಇಂಡೆಕ್ಸ್ ಆಗಿಲ್ಲ" ಎನ್ನುವ ಸಾಲು ದಪ್ಪವಾಗಿದ್ದರೆ ಒಳಗೆ ಹೋಗಿ ಯಾವ ಪುಟಗಳು ಅಂತ ನೋಡಿ. ಲಾ ಫರ್ಮ್‌ಗಳಲ್ಲಿ ಅಲ್ಲಿ ಸಾಮಾನ್ಯವಾಗಿ ಸಿಗುವುದು ಊರೂರಿನ ಪುಟಗಳು. ಒಂದು "ವಿಚ್ಛೇದನ ವಕೀಲರು" ಪುಟ ಬರೆದು, ಸುತ್ತಲಿನ ಪ್ರತಿ ಊರಿನ ಹೆಸರು ಹಾಕಿ ನಕಲು ಮಾಡಿದ್ದು.

ಪರೀಕ್ಷೆ ಸುಲಭ. ಎರಡು ಊರಿನ ಪುಟಗಳನ್ನು ಪಕ್ಕಪಕ್ಕ ಇಡಿ. ಊರಿನ ಹೆಸರನ್ನು ಬೆರಳಿನಿಂದ ಮುಚ್ಚಿ ಓದಿ. ಯಾವುದು ಯಾವ ಊರಿನದು ಅಂತ ಗೊತ್ತಾಗದಿದ್ದರೆ ಅವು ಎರಡು ಪುಟಗಳಲ್ಲ. ಗೂಗಲ್‌ನ ನಿಯಮದಲ್ಲಿ ಇಂಥವನ್ನು ಡೋರ್‌ವೇ ಪುಟ ಅನ್ನುತ್ತಾರೆ, ಅದು ಸ್ಪ್ಯಾಮ್ ನೀತಿಯ ಉಲ್ಲಂಘನೆ. ಆದರೆ ಊರಿನ ಪುಟವೇ ತಪ್ಪು ಅಂತಲ್ಲ. ಆ ಊರಿನವರು ಅರ್ಜಿ ಯಾವ ಕೋರ್ಟ್‌ನಲ್ಲಿ ಹಾಕಬೇಕು, ಆ ಕೋರ್ಟ್ ಎಲ್ಲಿದೆ, ಮೊದಲ ದಿನ ಯಾವ ಕಾಗದ ತರಬೇಕು, ನಿಮ್ಮಲ್ಲಿ ಅಲ್ಲಿ ನಿಯಮಿತವಾಗಿ ಹಾಜರಾಗುವವರು ಯಾರು, ಇಷ್ಟು ಇದ್ದರೆ ಅದು ನಿಜವಾದ ಪುಟ. ಇಷ್ಟು ಬರೆಯಲು ಆಗದ ಊರಿಗೆ ಪುಟ ಬೇಡ. ಒಂದೇ ಒಳ್ಳೆಯ ಪುಟದಲ್ಲಿ ಸೇರಿಸಿ, ಉಳಿದವನ್ನು ಅದಕ್ಕೆ 301 ಮಾಡಿ.

ಒಂದೇ ವಿಷಯಕ್ಕೆ ನಿಮ್ಮದೇ ಮೂರು ಪುಟಗಳು ಹೊಡೆದಾಡುವುದೂ ಇದೇ ಜಾತಿಯ ತೊಂದರೆ. ಪರ್ಫಾರ್ಮೆನ್ಸ್‌ನಲ್ಲಿ ಒಂದು ಕ್ವೆರಿ ಆರಿಸಿ ಪೇಜಸ್ ಟ್ಯಾಬ್‌ಗೆ ಹೋಗಿ. ನಿರೀಕ್ಷಣಾ ಜಾಮೀನಿನ ಬಗ್ಗೆ ಒಂದು ಸೇವಾ ಪುಟ, ಎರಡು ಹಳೇ ಬ್ಲಾಗ್, ಮೂರೂ ಒಂದೊಂದು ವಾರ ಕಾಣಿಸಿಕೊಂಡು ಯಾವುದೂ ಮೇಲೆ ಬರುತ್ತಿಲ್ಲ ಅಂದರೆ ಮೂರನ್ನೂ ಒಂದು ಮಾಡಿ.

ಬರಹದ ಬಗ್ಗೆ ಹೇಳಲೇಬೇಕಾದದ್ದು: ಜನ ಕಾಯ್ದೆಯ ಕಲಂ ಹುಡುಕುವುದಿಲ್ಲ, ತಮ್ಮ ತೊಂದರೆ ಹುಡುಕುತ್ತಾರೆ. "ಬಾಡಿಗೆದಾರ ಮನೆ ಬಿಡುತ್ತಿಲ್ಲ ಏನು ಮಾಡಬೇಕು" ಎಂದು ಕೇಳಿದವರಿಗೆ ಫರ್ಮ್‌ನ ಇತಿಹಾಸ ಮತ್ತು ದೃಷ್ಟಿಕೋನ ಬರೆದ ಪುಟ ಉತ್ತರ ಅಲ್ಲ. ನೋಟಿಸ್ ಹೇಗೆ, ಎಷ್ಟು ದಿನ, ಆಮೇಲೆ ಏನು, ಯಾವ ಹಂತದಲ್ಲಿ ವಕೀಲರು ಬೇಕೇ ಬೇಕು, ಇದನ್ನು ಬರೆಯಿರಿ. ಪುಟದ ತಲೆಯಲ್ಲಿ ಅಡಗಿಸುವ ಕೀವರ್ಡ್ಸ್ ಟ್ಯಾಗ್ ತುಂಬುವುದರಿಂದ ಏನೂ ಆಗುವುದಿಲ್ಲ, ರ್‍ಯಾಂಕಿಂಗ್‌ಗೆ ಅದನ್ನು ನೋಡುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿಯಾಗಿದೆ.

ನಂಬಲು ಏನು ಕಾರಣ?

ಕಾನೂನು ಸಲಹೆಯನ್ನು ಗೂಗಲ್ ಹಣ, ಆರೋಗ್ಯದ ಸಾಲಿನಲ್ಲೇ ಇಡುತ್ತದೆ. ತಪ್ಪಾದರೆ ಓದಿದವರ ಬದುಕಿಗೇ ಪೆಟ್ಟು ಬೀಳುವ ವಿಷಯಗಳಿವು. ಗುಣಮಟ್ಟ ಅಳೆಯುವವರಿಗೆ ಗೂಗಲ್ ಕೊಟ್ಟಿರುವ ಮಾರ್ಗಸೂಚಿಯಲ್ಲಿ ಪರಿಣತಿ, ಅಧಿಕಾರ, ವಿಶ್ವಾಸಾರ್ಹತೆಯ ಜೊತೆಗೆ 2022ರ ಡಿಸೆಂಬರ್‌ನಲ್ಲಿ ಅನುಭವವನ್ನೂ ಸೇರಿಸಿದರು. ಆ ಜನ ಕೊಡುವ ಅಂಕ ನೇರವಾಗಿ ನಿಮ್ಮ ಸ್ಥಾನ ಬದಲಿಸುವುದಿಲ್ಲ. ಆದರೆ ಗೂಗಲ್ ಏನನ್ನು ಒಳ್ಳೆಯದು ಅಂತ ತಿಳಿಯುತ್ತದೆ ಅನ್ನುವುದು ಅದರಿಂದ ಗೊತ್ತಾಗುತ್ತದೆ.

ಹಾಗಾಗಿ ಪರಿಶೀಲನೆಯಲ್ಲಿ ಕೇಳಿ: ಲೇಖನ ಬರೆದವರು ಯಾರು? "ಅಡ್ಮಿನ್" ಅಂತ ಇದ್ದರೆ ಅದೇ ಒಂದು ದೋಷ. ವಕೀಲರ ಹೆಸರು, ಅವರ ಪುಟಕ್ಕೆ ಲಿಂಕ್, ಅಲ್ಲಿ ಅವರ ನೋಂದಣಿ, ಯಾವ ಕೋರ್ಟ್‌ಗಳಲ್ಲಿ ಕೆಲಸ, ಇಷ್ಟು ಇರಲಿ. ಕಾಯ್ದೆ ಬದಲಾದ ಮೇಲೂ ಹಳೇ ಕಲಂ ಹೇಳುತ್ತಿರುವ ಲೇಖನ ಇದೆಯಾ? ಇದು ಬರೀ ರ್‍ಯಾಂಕಿಂಗ್ ವಿಷಯ ಅಲ್ಲ. ಅದನ್ನು ಓದಿ ಗಡುವು ತಪ್ಪಿಸಿಕೊಂಡವರು ಹಕ್ಕನ್ನೇ ಕಳೆದುಕೊಳ್ಳಬಹುದು. ತಿದ್ದಿ, ಇಲ್ಲವೇ ತೆಗೆಯಿರಿ. ಒಳಗೆ ಏನೂ ಬದಲಿಸದೆ ಮೇಲಿನ ತಾರೀಕು ಮಾತ್ರ ಹೊಸದು ಮಾಡುವುದನ್ನು ಮಾಡಬೇಡಿ. ಯಂತ್ರದಿಂದ ನೂರಾರು ಲೇಖನ ಒಟ್ಟಿಗೆ ಹಾಕಿಸಿದ ಸೈಟ್ ಆಗಿದ್ದರೆ, ಹಾಗೆ ಬರೀ ರ್‍ಯಾಂಕಿಂಗ್‌ಗೋಸ್ಕರ ರಾಶಿ ರಾಶಿ ಪುಟ ಮಾಡುವುದನ್ನು 2024ರ ಮಾರ್ಚ್‌ನಿಂದ ಗೂಗಲ್ ಸ್ಪ್ಯಾಮ್ ನೀತಿಯಲ್ಲೇ ಬರೆದಿದೆ ಅಂತ ಫರ್ಮ್‌ನವರಿಗೆ ತಿಳಿಸಿ. ವಕೀಲರು ಎಷ್ಟು ಜಾಹೀರಾತು ಮಾಡಬಹುದು ಅನ್ನುವ ವೃತ್ತಿ ನಿಯಮ ದೇಶಕ್ಕೊಂದು ಥರ ಇರುತ್ತದೆ. "ನಂಬರ್ ಒನ್ ವಕೀಲರು" ಎಂಬ ಶೀರ್ಷಿಕೆ ಬರೆಯುವ ಮೊದಲು ಅದನ್ನು ಫರ್ಮ್‌ನವರೇ ನೋಡಿ ಒಪ್ಪಬೇಕು.

ಮ್ಯಾಪ್‌ನಲ್ಲಿ ಮಾತ್ರ ಕಾಣಿಸದಿದ್ದರೆ

ಮ್ಯಾಪ್ ಫಲಿತಾಂಶದಲ್ಲಿ ಗೂಗಲ್ ನೋಡುವುದು ಮೂರು: ಹುಡುಕಿದ್ದಕ್ಕೂ ನಿಮಗೂ ಸಂಬಂಧ, ದೂರ, ಹೆಸರುವಾಸಿ. ದೂರವನ್ನು ನೀವು ಬದಲಾಯಿಸಲಾರಿರಿ. ಅದಕ್ಕೆಂದೇ ಸಿಬ್ಬಂದಿ ಇಲ್ಲದ ವರ್ಚುವಲ್ ಆಫೀಸ್ ವಿಳಾಸ ಹಾಕಿದರೆ ಗೂಗಲ್ ಬಿಸಿನೆಸ್ ಪ್ರೊಫೈಲ್ (ಮ್ಯಾಪ್‌ನಲ್ಲಿ ಕಾಣುವ ಫರ್ಮ್‌ನ ಮಾಹಿತಿ) ಅಮಾನತಾಗುವ ಅಪಾಯ ಇದೆ. ಬಿಸಿನೆಸ್ ಪ್ರೊಫೈಲ್‌ನ ಹೆಸರು ಬೋರ್ಡ್‌ನಲ್ಲಿರುವ ಹೆಸರೇ ಆಗಿರಲಿ, ಅದಕ್ಕೆ ಊರು, ಕೇಸಿನ ಬಗೆ ಎಲ್ಲ ಸೇರಿಸುವುದು ನಿಯಮಕ್ಕೆ ವಿರುದ್ಧ. ಮುಖ್ಯ ಕೆಟಗರಿ ಸರಿಯಾಗಿದೆಯಾ ನೋಡಿ. ಕ್ರಿಮಿನಲ್ ಕೇಸು ನೋಡುವ ಫರ್ಮ್ ಬೇರೆ ಯಾವುದೋ ಕೆಟಗರಿಯಲ್ಲಿ ಕೂತಿರುವುದು ಅಪರೂಪವೇನಲ್ಲ. ಫರ್ಮ್‌ಗೂ ವಕೀಲರಿಗೂ ಬೇರೆ ಬೇರೆ ಪ್ರೊಫೈಲ್ ಇರಬಹುದು, ಅದು ನಿಯಮದಲ್ಲೇ ಇದೆ. ಆದರೆ ಬಿಟ್ಟುಹೋದವರದ್ದು ಇನ್ನೂ ನಿಮ್ಮ ವಿಳಾಸದಲ್ಲೇ ಇದ್ದರೆ ಸರಿಪಡಿಸಿ. ಪ್ರೊಫೈಲ್‌ನಿಂದ ಸೈಟ್‌ಗೆ ಹೋಗುವ ಲಿಂಕ್‌ಗೆ ಯುಟಿಎಂ ಗುರುತು ಸೇರಿಸಿ, ಇಲ್ಲದಿದ್ದರೆ ಅಲ್ಲಿಂದ ಎಷ್ಟು ಜನ ಬಂದರು ಅಂತ ಬೇರೆ ಮಾಡಿ ನೋಡಲಾಗುವುದಿಲ್ಲ.

ರಿವ್ಯೂಗೆ ಉತ್ತರಿಸುವಾಗ ಎಚ್ಚರ. ಯಾರೋ ಒಬ್ಬರು ಒಂದು ಸ್ಟಾರ್ ಕೊಟ್ಟು ಬೈದಿದ್ದಾರೆ ಅಂತ "ನಿಮ್ಮ ವಿಚ್ಛೇದನದ ಕೇಸಿನಲ್ಲಿ ನಾವು ಹೀಗೆ ಮಾಡಿದ್ದೆವು" ಎಂದು ಬರೆದರೆ ಕಕ್ಷಿದಾರರ ಗುಟ್ಟನ್ನು ಬೀದಿಗೆ ತಂದಂತಾಯಿತು. ಅವರು ನಿಮ್ಮ ಕಕ್ಷಿದಾರರು ಅಂತಲೂ ಒಪ್ಪಿಕೊಳ್ಳದೆ, ಆಫೀಸಿಗೆ ಕರೆ ಮಾಡಿ ಅಂತಷ್ಟೇ ಬರೆಯಿರಿ.

ಸ್ಕೀಮಾ (ಪುಟದ ಮಾಹಿತಿಯನ್ನು ಗೂಗಲ್‌ಗೆ ತಿಳಿಯುವಂತೆ ಬರೆಯುವ ಕೋಡ್) ಬಗ್ಗೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಫರ್ಮ್‌ಗೆ ಲೀಗಲ್ ಸರ್ವಿಸ್ ಎಂಬ ಬಗೆ ಇದೆ, ವಿಳಾಸ, ಫೋನ್, ಸಮಯ ಸರಿಯಾಗಿ ಹಾಕಿ ಬಿಡಿ. ಪ್ರಶ್ನೋತ್ತರ ಸ್ಕೀಮಾ ಹಾಕಿದರೆ ಫಲಿತಾಂಶದಲ್ಲಿ ಉದ್ದಕ್ಕೆ ಬಿಚ್ಚಿಕೊಳ್ಳುತ್ತಿದ್ದ ಕಾಲ 2023ರ ಆಗಸ್ಟ್‌ಗೆ ಮುಗಿಯಿತು. ನಿಮ್ಮ ಸೈಟ್‌ನಲ್ಲೇ ನಿಮ್ಮ ಬಗ್ಗೆ ಹಾಕಿಕೊಂಡ ರಿವ್ಯೂಗಳಿಗೆ ಗೂಗಲ್ 2019ರಿಂದಲೇ ಸ್ಟಾರ್ ತೋರಿಸುತ್ತಿಲ್ಲ.

ವೇಗ, ಲಿಂಕ್, ಕ್ಲಿಕ್

ವೇಗದ ಗುರಿ ಇಷ್ಟು: ದೊಡ್ಡ ಅಂಶ ಮೂಡಲು 2.5 ಸೆಕೆಂಡ್, ಒತ್ತಿದ್ದಕ್ಕೆ ಪ್ರತಿಕ್ರಿಯೆ 200 ಮಿಲಿಸೆಕೆಂಡ್, ಪುಟ ಅಲುಗಾಟದ ಅಂಕ 0.1. ಇವುಗಳ ಒಳಗಿದ್ದರೆ ಚಿಂತೆ ಬಿಡಿ. ಮೀರಿದ್ದರೆ ಹೋಮ್‌ಪೇಜ್‌ನ ತಲೆಯಲ್ಲಿ ಓಡುವ ವಿಡಿಯೋ ಮತ್ತು ಮೂಲೆಯಲ್ಲಿ ಕೂತ ಚಾಟ್ ವಿಜೆಟ್, ಈ ಎರಡನ್ನೇ ಮೊದಲು ಅನುಮಾನಿಸಿ. ಆದರೆ ಇಂಡೆಕ್ಸ್‌ನಲ್ಲೇ ಇಲ್ಲದ ಪುಟದ ವೇಗ ತಿದ್ದುತ್ತಾ ಕೂರಬೇಡಿ.

ಕೆಟ್ಟ ಲಿಂಕ್‌ಗಳನ್ನು ತಳ್ಳಿಹಾಕುವ ಡಿಸಅವೌ ಫೈಲ್ ಬಹುತೇಕ ಸೈಟ್‌ಗಳಿಗೆ ಬೇಡ. ಲಿಂಕ್ ವಿಷಯಕ್ಕೆ ಮ್ಯಾನ್ಯುಯಲ್ ಆಕ್ಷನ್ ಬಂದಿದ್ದರೆ, ಅಥವಾ ಕೊಂಡ ಲಿಂಕ್‌ಗಳಿಂದ ಬರುವ ಹಾಗಿದ್ದರೆ ಮಾತ್ರ ಅದರ ಯೋಚನೆ ಮಾಡಿ.

ಇಂಪ್ರೆಷನ್ (ಫಲಿತಾಂಶದಲ್ಲಿ ಎಷ್ಟು ಸಲ ಕಂಡಿತು ಎನ್ನುವ ಲೆಕ್ಕ) ಹಾಗೇ ಇದೆ, ಸ್ಥಾನವೂ ಹಾಗೇ ಇದೆ, ಕ್ಲಿಕ್ ಮಾತ್ರ ಇಳಿದಿದೆ ಅಂದರೆ ಸೈಟ್‌ನಲ್ಲಿ ದೋಷ ಹುಡುಕುವ ಮೊದಲು ಫಲಿತಾಂಶದ ಪುಟವನ್ನೇ ನೋಡಿ. ಮೇಲೆ ಜಾಹೀರಾತು, ಮ್ಯಾಪ್, ಎಐ ಓವರ್‌ವ್ಯೂ (ಗೂಗಲ್‌ನ ಎಐ ಬರೆದ ಉತ್ತರ) ಬಂದು ಕೂತಿರುತ್ತವೆ. "ಜಾಮೀನು ಅಂದರೇನು" ಎಂಬಂಥ ಕ್ವೆರಿಗೆ ಉತ್ತರ ಅಲ್ಲೇ ಸಿಕ್ಕರೆ ಜನ ಒಳಗೆ ಬರುವುದಿಲ್ಲ. ಎಐ ಓವರ್‌ವ್ಯೂನ ಲೆಕ್ಕ ಸರ್ಚ್ ಕನ್ಸೋಲ್‌ನಲ್ಲಿ ವೆಬ್ ಲೆಕ್ಕದೊಳಗೇ ಸೇರಿದೆ. ಇಂಥ ಕ್ವೆರಿಗಳನ್ನು ಬಿಟ್ಟು, ವಕೀಲರನ್ನೇ ಹುಡುಕುವ ಕ್ವೆರಿಗಳಲ್ಲಿ ಕ್ಲಿಕ್ ಇಳಿದಿದೆಯಾ ಅಂತ ಬೇರೆಯಾಗಿ ನೋಡಿ. ಅಲ್ಲೂ ಇಳಿದಿದ್ದರೆ ಶೀರ್ಷಿಕೆಗೆ ಕೈ ಹಾಕಿ. "ಹೋಮ್" ಅಥವಾ ಬರೀ ಫರ್ಮ್‌ನ ಹೆಸರು ಇರುವ ಶೀರ್ಷಿಕೆ ಯಾರಿಗೂ ಏನೂ ಹೇಳುವುದಿಲ್ಲ.

ಸರಿಪಡಿಸಿದ ಮೇಲೆ

ಎಲ್ಲವನ್ನೂ ಒಂದೇ ವಾರ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ಬೀಗ ತೆಗೆಯುವ ಕೆಲಸಗಳನ್ನು ಮೊದಲು ಒಟ್ಟಿಗೆ ಮಾಡಿ, ತಾರೀಕು ಬರೆದಿಡಿ. ಮುಖ್ಯ ಪುಟಗಳಿಗೆ ಇಂಡೆಕ್ಸಿಂಗ್ ಕೋರಿಕೆ ಕಳಿಸಿ, ವರದಿಯಲ್ಲಿ ವ್ಯಾಲಿಡೇಟ್ ಫಿಕ್ಸ್ ಒತ್ತಿ. ಅದು ಮುಗಿಯಲು ಎರಡು ವಾರ ಹಿಡಿಯಬಹುದು, ಜಾಸ್ತಿಯೂ ಆಗಬಹುದು. ಮಧ್ಯೆ ಮಧ್ಯೆ ಮತ್ತೆ ಒತ್ತಿದರೆ ಬೇಗ ಆಗುವುದಿಲ್ಲ. ಪುಟಗಳು ಒಳಗೆ ಬಂದ ಮೇಲೆ ಊರಿನ ಪುಟಗಳನ್ನು ಒಂದು ಮಾಡುವ ಕೆಲಸ, ಆಮೇಲೆ ಹೊಸ ಬರಹ.

ತಾಂತ್ರಿಕ ಬೀಗ ತೆಗೆದ ಫಲ ವಾರಗಳಲ್ಲಿ ಕಾಣುತ್ತದೆ. ಕೋರ್ ಅಪ್‌ಡೇಟ್‌ನಲ್ಲಿ ಬಿದ್ದದ್ದು ಏಳಲು ತಿಂಗಳುಗಳು ಬೇಕು. ಫರ್ಮ್‌ನವರಿಗೆ ಈ ವ್ಯತ್ಯಾಸವನ್ನು ವರದಿಯ ಮೊದಲ ಪುಟದಲ್ಲೇ ಬರೆದು ಕೊಡಿ. ಇಲ್ಲದಿದ್ದರೆ ಹದಿನೈದು ದಿನಕ್ಕೆ ಇನ್ನೊಬ್ಬರನ್ನು ಕರೆಸಿ, ಅವರು ಬಂದು ನೀವು ತಿದ್ದಿದ ಕ್ಯಾನೊನಿಕಲ್ ಅನ್ನೇ ಮತ್ತೆ ಬದಲಾಯಿಸುತ್ತಾರೆ.